ಮೂರನೇ ರಾತ್ರಿ, ಹುಸೇನಪ್ಪನ ಹೊಟ್ಟೆ

ರಾಯಚೂರಿನ ದೊಡ್ಡಾಸ್ಪತ್ರೆ, ಗಂಡಸರ ಸರ್ಜಿಕಲ್ ವಾರ್ಡು,
ಹದಿನಾಲ್ಕನೇ ಮಂಚ.
ಫ್ಯಾನು ತಿರುಗುತ್ತಿದೆ. ಮೇ ತಿಂಗಳಲ್ಲಿ ಇಲ್ಲಿ
ಗೋಡೆಗೂ ಜ್ವರ.

"ಗಾಳಿ ಹೋತೇನ್ರಿ?"
ನಾನು ಕೇಳಿದ್ದು ಫ್ಯಾನಿನ ಗಾಳಿಯನ್ನಲ್ಲ.
ಹಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾಳೆ.
ನಲವತ್ತು ವರ್ಷ ಮೂಗು ಮುರಿದದ್ದಕ್ಕೇ
ಈಗ ಹರಕೆ ಹೊತ್ತು ಕೂತಿದ್ದಾಳೆ.

ಕರುಳು ಕತ್ತರಿಸಿ ಹೊಲಿದು ಮೂರು ದಿನ.
ಸದ್ದು ಬರಲಿ, ಆಮೇಲೆ ಗುಟುಕು ನೀರು, ಅಂದಿದ್ದಾರೆ ಡಾಕ್ಟರು.
ಸದ್ದು ಹುಡುಕುವ ಕೆಲಸ ನನ್ನದು.
ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ
ಹೊಕ್ಕಳ ಪಕ್ಕ ಇಡುತ್ತೇನೆ.
ಒಂದು ನಿಮಿಷ. ಎರಡು.
ಸೂಟಿಯಲ್ಲಿನ ಸಾಲೆಯ ಹಾಗೆ ಹೊಟ್ಟೆ.

ಆದರೂ ಒಳಗೆ ಯಾರೋ ಎದ್ದಿದ್ದಾರೆ, ನನಗೆ ಗೊತ್ತು.
ಉದ್ದಕ್ಕೊಂದು, ಅಡ್ಡಕ್ಕೊಂದು, ಎರಡು ಪದರ ಸ್ನಾಯು;
ನಡುವೆ, ಕೌದಿಯ ಅರಿವೆಗಳನ್ನು ಹಿಡಿದಿಟ್ಟ ದಾರದಂತೆ,
ಕೈಗೆ ಕೈ ಕೊಟ್ಟುಕೊಂಡ ಸಣ್ಣ ಸಣ್ಣ ಜೀವಕೋಶಗಳು.
ತಾಳ ಹಾಕುವವರು.
ಎದೆಯ ತಾಳಕ್ಕೆ ಊರೆಲ್ಲ ಪದ ಕಟ್ಟಿತು,
ಇವರನ್ನು ಕೇಳಿದವರಿಲ್ಲ.

ತಾಳ ಬಿತ್ತೆಂದು ಸ್ನಾಯು ಕುಣಿಯಲೇಬೇಕೆಂದಿಲ್ಲ.
ಅಲೆ ಏಳುತ್ತದೆ, ಹೊಸ್ತಿಲವರೆಗೆ ಬರುತ್ತದೆ,
ಸುಮ್ಮನೆ ತಿರುಗಿ ಹೋಗುತ್ತದೆ.
ಅನ್ನ ಬಿದ್ದು ಗೋಡೆ ಹಿಗ್ಗಿ, ನರವೊಂದು ಹೂಂ ಅಂದರೆ
ಆಗ ದಾಟುತ್ತದೆ. ಆಗ ಸ್ನಾಯು ಹಿಂಡುತ್ತದೆ,
ಗೆರೆಯಿಲ್ಲದ ನುಣುಪು ಸ್ನಾಯು, ಕದಿರಿನಂತೆ ಎರಡೂ ತುದಿ ಚೂಪು,
ಯಜಮಾನನ ಅಪ್ಪಣೆಗೆ ಕಾಯುವ ಜಾತಿಯಲ್ಲ.

"ಏನ್ ಕೇಳಾಕತ್ತೀರಿ ಸಿಸ್ಟರ್, ಅಷ್ಟೊತ್ತು?"
ಹುಸೇನಪ್ಪ ಕಣ್ಣು ಬಿಟ್ಟಿಲ್ಲ.
ಮೂವತ್ತೊಂದು ವರ್ಷ ಎಡದಂಡೆ ಕಾಲುವೆಯ ಲಸ್ಕರ್,
ಕವಿತಾಳದ ಆಚೆ ಒಂದು ಗೇಟು, ಅದರ ಚಕ್ರ, ಅದರ ಕೀಲಿಕೈ.
ತಿಳಿಯಲೆಂದು ಕಾಲುವೆಯ ಮಾತಲ್ಲೇ ಹೇಳಿದೆ:
ಮೇಲಿನ ಗೇಟು ಕಟ್ಟು, ಕೆಳಗಿನದು ಬಿಡು.

ಒಪ್ಪಲಿಲ್ಲ.
"ನೀರು ಯಾರೂ ನೂಕಂಗಿಲ್ರಿ. ಇಳಿಜಾರೈತಿ, ಹೋಕ್ಕೈತಿ.
ನಾ ಅಂಗಾತ ಮಲಗೀನಿ.
ನನ್ನ ಹೊಟ್ಯಾಗ ಎಲ್ಲೈತಿ ಇಳಿಜಾರು?"

ಉತ್ತರ ಇರಲಿಲ್ಲ.
ಇಪ್ಪತ್ತನೇ ಮಂಚದ ಸಲೈನು ಬದಲಿಸಲು ಹೋದೆ.
ಬಾಟಲಿ ತೂಗುಹಾಕುವಾಗ ಹೊಳೆಯಿತು.

ಜಠರದ್ದು ನಿಮಿಷಕ್ಕೆ ಮೂರು. ಅದರ ಮಾತು ಬೇರೆ, ಅದು ಬೀಸುವ ಕಲ್ಲು.
ಸಣ್ಣ ಕರುಳಿನ ತಲೆಗೆ ಹನ್ನೆರಡು,
ಇಳಿಯುತ್ತ ಹನ್ನೊಂದು, ಹತ್ತು,
ಬಾಲಕ್ಕೆ ಬಂದರೆ ಎಂಟು.
ಮೇಲಿನವರು ಅವಸರದವರು, ಕೆಳಗಿನವರು ಸಾವಕಾಶ.
ಆ ನಾಲ್ಕು ಬಡಿತದ ಅಂತರವೇ
ನಿಮ್ಮ ಇಳಿಜಾರು, ಹುಸೇನಪ್ಪ.
ಮಲಗಿ, ಕೂಡಿ, ಬೇಕಾದರೆ ತಲೆಕೆಳಗಾಗಿ ನಿಲ್ಲಿ,
ಅದು ಕದಲುವುದಿಲ್ಲ.

ಬೆರಳು ಮಡಚಿ ಎಣಿಸಿದ.
"ಕೊನೀ ಭಾಗಕ್ಕ ಕಡಿಮಿ. ಅಲ್ಲೂ ಹಂಗಾ ಅನ್ರಿ."
ನಕ್ಕರೆ ಹೊಲಿಗೆ ಎಳೆಯುತ್ತದೆಂದು
ಅರ್ಧಕ್ಕೆ ನಿಲ್ಲಿಸಿದ.

ಸಣ್ಣದು ಮೊದಲ ದಿನವೇ ಏಳಬೇಕು, ಜಠರ ಮರುದಿನ,
ದೊಡ್ಡ ಕರುಳು ಎಲ್ಲರಿಗಿಂತ ತಡ. ಪುಸ್ತಕದಲ್ಲಿ ಹಾಗಿದೆ.
ಹುಸೇನಪ್ಪನ ಹೊಟ್ಟೆ ಪುಸ್ತಕ ಓದಿಲ್ಲ.

ಮೂರೂ ನಲವತ್ತಕ್ಕೆ ಕರೆದ.
"ಇಲ್ಲಿ ಕೊಡ್ರಿ, ನಾ ಕೇಳ್ತೀನಿ.
ರಾತ್ರಿ ನೀರು ಬರೋ ಮುಂಚೆ ಗೇಟಿಗೆ ಕಿವಿ ಹಚ್ಚತಿದ್ದೆ.
ಕಬ್ಬಣ ಮೊದಲು ಹೇಳತೈತಿ."
ನಿಯಮದಲ್ಲಿಲ್ಲ. ಕೊಟ್ಟೆ.
ತನ್ನ ಹೊಟ್ಟೆಯ ಮೇಲೆ ತಾನೇ ಬಿಲ್ಲೆ ಇಟ್ಟುಕೊಂಡು
ಉಸಿರು ಹಿಡಿದ. ಹಂಪಮ್ಮ ಬಳೆ ಸರಿಸದೆ ಕೂತಳು.
ದೂರದಲ್ಲಿ, ಸ್ಟೇಷನ್ನಿನ ಕಡೆ, ಗೂಡ್ಸೊಂದು ನಿಂತು ಹೊರಟಿತು.

ಅವನ ಬೆರಳು ಮೇಲೆ ಹೋಯಿತು.
ಒಂದು.
ತಡೆದು, ತಡೆದು, ಇನ್ನೊಂದು.

"ಏನಂತ?" ಎಂದಳು ಹಂಪಮ್ಮ.
"ಬಿಟ್ಟಾರ," ಅಂದ. "ಇನ್ನಾ ದೂರ ಐತಿ."

ಕೇಸ್ ಶೀಟಿನಲ್ಲಿ ಬರೆದೆ:
ಸದ್ದು ಇದೆ, ಕ್ಷೀಣ.
ಗಾಳಿ, ಇನ್ನೂ ಇಲ್ಲ.